ಬಳಿ ತಗೀರಿ ಅಂದಾಂವ

"ಮೊದಲ ಆ ಬಳಿ ತಗೀರಿ!"

ಬೋಲ್ಟು ಬಿಗಿಯಲು ರಾಜೇಶ್ವರಿ ಕೈಯಲ್ಲಿ ಹಿಡಿದಿದ್ದ ಪಾನಾ ಅಲ್ಲೇ ನಿಂತಿತು.

ಸವದತ್ತಿ ಯಲ್ಲಮ್ಮನ ಗುಡ್ಡದ ಏರಿನಲ್ಲಿ ಅವಳ ಬ್ಯಾಟರಿ ಗಾಡಿ ಕೆಟ್ಟು ನಿಂತಿತ್ತು. ವಯಸ್ಸಾದ ಭಕ್ತರನ್ನು ಮೇಲೆ ಕರೆದೊಯ್ಯಲು ಅವಳು ಓಡಿಸುತ್ತಿದ್ದ ಗಾಡಿ ಅದು. ಸಡಿಲಾದ ವೈರನ್ನು ತಾನೇ ಬಿಗಿ ಮಾಡೋಣ ಎಂದು ಸೀಟು ಎತ್ತಿ ಬಾಗಿದ್ದಳು. ಅಷ್ಟರಲ್ಲಿ ಈ ಮಾತು! ಅದೂ ಹಸಿರು ಬಳೆಯನ್ನೇ ದೇವಿಗೆ ಒಪ್ಪಿಸುವ ಗುಡ್ಡದಲ್ಲಿ, ಮದುವೆಯಾಗದ ಹುಡುಗಿಗೆ!

"ಬಳಿ ತಗಿ ಅನ್ನಾಕ ನೀವ್ಯಾರ್ರಿ? ನಾಲಿಗಿ ಬಿಗಿ ಹಿಡೀರಿ!" ಅವಳ ಕಣ್ಣು ತುಂಬಿ ಬಂತು.

ಬೈಲಹೊಂಗಲದಿಂದ ಗುಡ್ಡದ ಗಾಡಿಗಳ ರಿಪೇರಿಗೆ ಆಗಾಗ ಬರುತ್ತಿದ್ದ ಗೌರೀಶನ ಮುಖ ಕೆಂಪಾಯಿತು. "ಹಂಗಲ್ರೀ..." ಎಂದ.

ಸುಮ್ಮನೆ ಗಾಡಿಯ ಚಾವಿ ತೆಗೆದು ಜೇಬಿಗೆ ಹಾಕಿಕೊಂಡ. ತನ್ನ ಕೈಗಡಿಯಾರ, ಬೆಳ್ಳಿ ಕಡಗ ಬಿಚ್ಚಿಟ್ಟ. ಕನ್ನಡಕ, ರಬ್ಬರ್ ಗ್ಲೌಸ್ ಹಾಕಿದ. ಹಿಡಿಕೆಗೆಲ್ಲ ರಬ್ಬರ್ ಹೊದಿಸಿದ ಪಾನಾದಿಂದ ಬೋಲ್ಟು ತಿರುಗಿಸಿದ. ಬೇಕಾದಷ್ಟು ಬಿಗಿಯಾದ ಕೂಡಲೇ ಪಾನಾ 'ಟಕ್' ಎಂದಿತು. ಆಮೇಲೆ ಒಂದು ಎಳೆಯಷ್ಟೂ ತಿರುಗಿಸಲಿಲ್ಲ.

ಎಂಥ ನಾಜೂಕು ಕೈ! ಸಿಟ್ಟಿನಲ್ಲೂ ರಾಜೇಶ್ವರಿ ಮೆಚ್ಚಿದಳು.

ಆದರೂ ಗಾಡಿ ಮಾಲೀಕ ಬಸವಣ್ಣೆಪ್ಪನವರಿಗೆ ದೂರು ಹೇಳಿಯೇಬಿಟ್ಟಳು. ಗೌರೀಶನಿಗೆ ಗುಡ್ಡದ ಕೆಲಸ ತಪ್ಪಿತು.

ತಿಂಗಳ ಮೇಲೆ ಗಾಡಿ ಮತ್ತೆ ನಿಂತಾಗ ಹೊಸ ಮೆಕ್ಯಾನಿಕ್ ಬಂದ. ಬರಿ ಕಬ್ಬಿಣದ ಪಾನಾ, ಹೇಳತೀರದ ಅವಸರ. ಪಾನಾ ಬ್ಯಾಟರಿಯ ಎರಡೂ ತುದಿಗೆ ತಾಗಿತು.

ಫಟ್!

ಕಿಡಿ ಹಾರಿತು. ಅವನಿಗೆ ಏನೂ ಆಗಲಿಲ್ಲ, ಪುಣ್ಯ. ಪಾನಾದ ಅಂಚು ಮಾತ್ರ ಕರಗಿಹೋಗಿತ್ತು.

ರಾಜೇಶ್ವರಿ ತನ್ನ ಕೈ ನೋಡಿಕೊಂಡಳು. ಹಸಿರು ಗಾಜಿನ ಬಳೆಗಳ ನಡುವೆ ಬಂಗಾರದ್ದೊಂದು... ಅಂದು ಇದೇ ತಾಗಿದ್ದರೆ?

'ಅಯ್ಯೋ ದೇವರೇ! ನನ್ನ ಕೈ ಉಳಿಸಿದವರ ಅನ್ನಕ್ಕೇ ಕಲ್ಲು ಹಾಕಿದೆನಲ್ಲ!'

ಬಸವಣ್ಣೆಪ್ಪನವರ ಮುಂದೆ ತಪ್ಪು ಒಪ್ಪಿಕೊಂಡಳು. ಮರುದಿನ ಬೆಳಗಿನ ಬಸ್ಸಿಗೇ ಬೈಲಹೊಂಗಲ ಸೇರಿದಳು. ಗೌರೀಶ ಅಂಗಡಿಯಲ್ಲಿ ಒಬ್ಬನೇ ಇದ್ದ.

"ನಂದ ತಪ್ಪಾತ್ರಿ. ಮಾಲಕರಿಗೆ ಎಲ್ಲಾ ಹೇಳೇನಿ. ಕೆಲಸಕ್ಕ ಮತ್ತ ಬರ್ರಿ..."

"ತಪ್ಪು ನಂದ್ರಿ. ಬಂಗಾರದ್ದಷ್ಟ ತಗೀರಿ ಅಂತ ಬಿಡಿಸಿ ಹೇಳಬೇಕಿತ್ತು. ನಿಮ್ಮ ಕೈ ಬ್ಯಾಟರಿ ಹತ್ರ ಹೋಗೂದು ನೋಡಿ ಜೀವ ಝಲ್ ಅಂತು."

"ಆವತ್ತ ಯಾಕ ಹೇಳಲಿಲ್ಲ?"

"ನಿಮ್ಮ ಕಣ್ಣಾಗ ನೀರು ಬಂತಲ್ರಿ... ಮಾತ ಹೊಳೀಲಿಲ್ಲ." ಗೌರೀಶ ತಲೆ ತಗ್ಗಿಸಿದ. "ಮುದುಕರನ್ನ ಒಂಚೂರೂ ಕುಲುಕದಂಗ ಏರಿಗೆ ಒಯ್ಯೂದನ್ನ ಎಷ್ಟೋ ಸಲ ನಿಂತು ನೋಡೇನ್ರಿ. ಅಂಥಾ ಕೈಗೆ ಏನರ ಆಗಿದ್ರ..."

ಇಷ್ಟು ಬೈಸಿಕೊಂಡರೂ ಈ ಮನುಷ್ಯನಿಗೆ ತನ್ನ ಕೈಯದೇ ಚಿಂತೆ! ರಾಜೇಶ್ವರಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂತು. ಮುಚ್ಚಿಡಲು ಆಗಲಿಲ್ಲ.

ಅವನು ಸಾಮಾನಿನ ಪೆಟ್ಟಿಗೆ ಎತ್ತಿಕೊಂಡ. "ನಡ್ರಿ, ಗಾಡಿ ನೋಡೂನು."

"ಗಾಡಿ ಇನ್ನೊಂದಿನ ನಿಂದರಲಿ. ಮೊದಲ ನಮ್ಮ ಮನಿಗೆ ಬರ್ರಿ... ನಿಮ್ಮ ಅವ್ವಾರನ್ನ ಕರಕೊಂಡು."

ಗೌರೀಶ ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಅವ್ವಗ ಏನಂತ ಹೇಳ್ಲಿ?"

"ಹುಡುಗಿ ತಾನ ಬಂದು ಕರದಾಳ ಅಂತ ಹೇಳ್ರಿ!"