ಇಬ್ಬರಲ್ಲಿ ದೊಡ್ಡವಳು

ಈ ಕಥೆಯನ್ನು ನಾನು ಹೇಳಬಹುದೋ ಬಾರದೋ ಎಂದು ಬಹಳ ಸಲ ಯೋಚಿಸಿದ್ದೇನೆ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆಗಳಿಗೆ ನಂಬರಿನ ಚೀಟಿ ಪಿನ್ ಮಾಡುವವಳು ನಾನು. ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಅರ್ಧ ತೂಕಡಿಸುತ್ತ. ಪ್ರೇಮದ ಕಥೆ ಹೇಳುವವರಿಗೆ ಬೆಳದಿಂಗಳ ಪರಿಚಯವಾದರೂ ಇರಬೇಕು. ನನಗೆ ಪರಿಚಯವಿರುವುದು ಸಮಾಧಿ ಕಲ್ಲುಗಳ ನಡುವೆ ಮಂಡಿಯೂರಿ ಕೂತ ಒಬ್ಬರ ಬೆನ್ನು, ಬಿಸಿಲಿಗೆ ಕೆಂಪಾದ ಅವರ ಕತ್ತು. ಹೆಚ್ಚುಕಡಿಮೆಯಾದರೆ ಓದುವವರು ಕ್ಷಮಿಸಬೇಕು. ಅಮ್ಮನ ವಿಷಯವೂ ಬರುವುದರಿಂದ, ಅಮ್ಮನೂ.

ಆಗ ಅಮ್ಮ ಹಾಸಿಗೆ ಹಿಡಿದಿದ್ದಳು. ಶ್ವಾಸಕೋಶದ ತೊಂದರೆ. ಡಾಕ್ಟರು ನನ್ನನ್ನು ಕಾರಿಡಾರಿಗೆ ಕರೆದು, "ಮನೇಲೇ ಇರ್ಲಿ ಬಿಡಿ, ಆರಾಮಾಗಿರ್ತಾರೆ" ಎಂದಿದ್ದರು. ಆ ಮಾತಿನ ಅರ್ಥ ನನಗೂ ಗೊತ್ತಾಗಿತ್ತು, ಒಳಗಿದ್ದ ಅಮ್ಮನಿಗೂ. ಮನೆಗೆ ಬಂದ ದಿನದಿಂದ ಅಮ್ಮ ಒಂದೇ ಪ್ರಶ್ನೆ ಕೇಳುತ್ತಿದ್ದಳು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ,

"ಸಿಕ್ಕಳಾ?"

"ಹುಡುಕ್ತಿದೀನಮ್ಮ."

"ಹಾಗಾದ್ರೆ ನಾಳೆವರೆಗೂ ಇರ್ತೀನಿ. ಕೊಡು, ಹಾಲು ಕುಡೀತೀನಿ."

ಸಿಗಬೇಕಾಗಿದ್ದವಳು ಅಮ್ಮನ ಅಕ್ಕ. ಇಬ್ಬರೂ ಅನಾಥಾಲಯದಲ್ಲಿ ಬೆಳೆದವರು. ಅಲ್ಲಿ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಣಿಸುತ್ತಿದ್ದರಂತೆ. ಉಳಿದ ಮಕ್ಕಳು ತಮ್ಮ ಸಂಖ್ಯೆ ಹೇಳಿದರೆ, ಅಕ್ಕ ಮಾತ್ರ ತಂಗಿಯ ಕೈ ಹಿಡಿದುಕೊಂಡು, "ನಾವು ಇಬ್ರು. ಇಬ್ರಲ್ಲಿ ನಾನು ದೊಡ್ಡೋಳು" ಎನ್ನುತ್ತಿದ್ದಳು. ಅಮ್ಮ ತಕ್ಷಣ "ನಾನು ಚಿಕ್ಕೋಳು" ಎನ್ನಬೇಕು. ಬೈದರೂ ಬಿಡಲಿಲ್ಲವಂತೆ. ಒಂದು ಬೆಳಿಗ್ಗೆ ಪಕ್ಕದ ಜಾಗ ಖಾಲಿ. ಅಕ್ಕನನ್ನು ಯಾರದೋ ಮನೆಗೆ ಕಳಿಸಿಬಿಟ್ಟಿದ್ದರು. ಸರದಿ ಬಂದಾಗ ಅಮ್ಮ ಒಬ್ಬಳೇ "ನಾನು ಚಿಕ್ಕೋಳು" ಎಂದಳು. ಸಾಲೆಲ್ಲ ನಕ್ಕಿತು. ಅಮ್ಮ ಆ ನಗು ಮರೆತಿರಲಿಲ್ಲ.

ಅನಾಥಾಲಯ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಕಾಗದಗಳನ್ನು ಗೆದ್ದಲು ತಿಂದಿತ್ತು. ದುಡ್ಡು ತೆಗೆದುಕೊಂಡು ಹುಡುಕಿಕೊಡುವವರು ಇದ್ದಾರೆ, ಅವರ ಬಾಗಿಲಿಗೆ ಹೋಗುವ ಶಕ್ತಿ ನಮಗಿರಲಿಲ್ಲ. ಬಿಟ್ಟಿ ದಾಖಲೆಗಳೇ ಗತಿ. ಹಾಗೆ ನಾನು ಸೇರಿಕೊಂಡಿದ್ದು ಲೈಬ್ರರಿ ಮಹಡಿಯ ಬಳಗವನ್ನು. ತಮ್ಮ ತಮ್ಮ ಹಿರಿಯರನ್ನು ಹುಡುಕುವ ಒಂದಷ್ಟು ಜನ, ಅವರಿಗೆಲ್ಲ ಯಜಮಾನಿ ಒಬ್ಬ ನಿವೃತ್ತ ಲೆಕ್ಕದ ಮೇಡಂ.

ಅಲ್ಲಿಯ ಕಂಪ್ಯೂಟರ್ ಮುಂದೆ ಕೂತು ಹಳೆಯ ಜನನ ಮರಣದ ಪಟ್ಟಿಗಳನ್ನು ಕಣ್ಣುಜ್ಜಿಕೊಂಡು ನೋಡುತ್ತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ಕಂಪ್ಯೂಟರಿಗೆ ಸರದಿ ಕಾಯುವವರೆಂದುಕೊಂಡು ತಿರುಗದೆಯೇ ಹೇಳಿದೆ,

"ಇನ್ನೊಂದು ನಿಮಿಷ ಕೊಡ್ರೀ! ನಿಮ್ಮ ತಾತ ಎಲ್ಲೂ ಓಡಿ ಹೋಗಲ್ಲ."

"ನಾನೇನು ಅವಸರ ಮಾಡ್ಲಿಲ್ಲ," ಎಂದರು ಆ ಮನುಷ್ಯ. "ನಿಮ್ಮ ಕನ್ನಡಕ ಸೊಟ್ಟಗಿದೆ. ಆಗ್ಲಿಂದ ನೋಡ್ತಿದೀನಿ, ತಡ್ಕೊಳಕ್ಕೆ ಆಗ್ತಿಲ್ಲ."

ಬಸ್ ಸ್ಟ್ಯಾಂಡ್ ಹತ್ತಿರ ಅವರಿಗೆ ಪುಟ್ಟ ಕನ್ನಡಕದ ಅಂಗಡಿ. ಜೇಬಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ನನ್ನ ಮೂಗಿನ ಮೇಲಿಂದಲೇ ಕನ್ನಡಕ ಎತ್ತಿಕೊಂಡು, ಬಿಗಿಮಾಡಿ, ಅಂಗಿಯ ಅಂಚಿನಲ್ಲಿ ಒರೆಸಿ ಮತ್ತೆ ತೊಡಿಸಿದರು. ಬೆರಳು ಕಿವಿಯ ಹಿಂದೆ ತಾಗಿತು. ನನ್ನ ವಯಸ್ಸಿಗೆ ಅದನ್ನು ನೆನಪಿಡಬಾರದು. ನೆನಪಿದೆ.

"ಈಗ ಕಾಣುತ್ತಾ?"

"ಕಾಣುತ್ತೆ. ಅವಳು ಮಾತ್ರ ಕಾಣ್ತಿಲ್ಲ."

ಯಾಕೋ ಅಳು ಬಂತು. ಆ ಅಪರಿಚಿತರ ಮುಂದೆ ಅನಾಥಾಲಯ, ಎಣಿಸುವ ಸಾಲು, ದೊಡ್ಡೋಳು, ಚಿಕ್ಕೋಳು, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ಕ್ರೂಡ್ರೈವರ್ ಹಿಡಿದುಕೊಂಡೇ ಕೇಳಿಸಿಕೊಂಡರು.

ಬಳಗದಲ್ಲಿ ಒಂದು ಪದ್ಧತಿಯಿತ್ತು. ನಮ್ಮವರನ್ನು ಬಳಗ ಹುಡುಕುತ್ತದೆ, ಅದಕ್ಕೆ ಬದಲಾಗಿ ಭಾನುವಾರ ನಾವು ಊರಿನ ಸ್ಮಶಾನದ ಕಲ್ಲುಗಳನ್ನು ಓದಿ ಬರೆದುಕೊಡಬೇಕು. ಅದನ್ನೆಲ್ಲ ಯಾರು ಬೇಕಾದರೂ ಬಿಟ್ಟಿ ನೋಡುವಂತೆ ಮೇಡಂ ಕಂಪ್ಯೂಟರಿಗೆ ಹಾಕುತ್ತಿದ್ದರು. ಒಬ್ಬರು ಓದಬೇಕು, ಒಬ್ಬರು ಬರೆಯಬೇಕು. ನಮ್ಮಿಬ್ಬರನ್ನು ಜೋಡಿ ಮಾಡಿದರು. ಇತ್ತೀಚಿನ ಸಾವುಗಳ ಸರ್ಕಾರಿ ಪಟ್ಟಿಯನ್ನು ಎಷ್ಟೋ ವರ್ಷ ಹೊರಗೆ ಬಿಡುವುದಿಲ್ಲವಾದ್ದರಿಂದ, ದೊಡ್ಡಮ್ಮ ತೀರಿಕೊಂಡಿದ್ದರೆ ಕಲ್ಲೇ ಹೇಳಬೇಕಿತ್ತು. ಪ್ರತಿ ಕಲ್ಲಿಗೂ ಅವಳಾಗಿರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವಳೇ ಆಗಿಬಿಡಲಿ, ಈ ಹುಡುಕಾಟ ಮುಗಿಯಲಿ ಎಂದೂ.

ಸವೆದ ಅಕ್ಷರ ಓದಲು ಅವರು ಅಂಗಡಿಯ ಕೈಗನ್ನಡಿ ತರುತ್ತಿದ್ದರು. ಬಿಸಿಲನ್ನು ಅದರಲ್ಲಿ ಹಿಡಿದು ಓರೆಯಾಗಿ ಕಲ್ಲಿನ ಮೇಲೆ ಹಾಯಿಸಿದರೆ, ಏನೂ ಇಲ್ಲದ ಕಡೆ ಹೆಸರು ಏಳುತ್ತಿತ್ತು.

"ಏನ್ರೀ ಬರೆಯೋರೇ, ರೆಡಿನಾ? 'ಪ್ರೀತಿಯ ಪತ್ನಿ, ತಾಳ್ಮೆಯ ತಾಯಿ.' ಆಯ್ತಾ? ಕೆಳಗೆ ಸಣ್ಣಕ್ಷರದಲ್ಲಿ, 'ಬರೆಯೋರು ಬೆಳಿಗ್ಗೆಯಿಂದ ಏನೂ ತಿಂದಿಲ್ಲ.'"

"ಅದು ಕಲ್ಲಲ್ಲಿಲ್ಲ, ಓದೋರೇ."

"ಇರಬೇಕಾಗಿತ್ತು," ಎಂದು ಚೀಲದಿಂದ ಬನ್ ತೆಗೆದು, ಅರ್ಧ ಮುರಿದು, ದೊಡ್ಡ ಅರ್ಧವನ್ನು ನನಗೆ ಕೊಡುತ್ತಿದ್ದರು. ಅಮ್ಮ ಸಾಯುತ್ತಿದ್ದಳು, ನಾನು ಸ್ಮಶಾನದಲ್ಲಿ ಕೂತು ಬನ್ ತಿನ್ನುತ್ತ ಭಾನುವಾರಕ್ಕೆ ಕಾಯುವವಳಾಗಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಆದರೂ ಶನಿವಾರ ತಲೆಗೆ ಸ್ನಾನ ಮಾಡುತ್ತಿದ್ದೆ.

ಗೋಡೆ ಪಕ್ಕದ ಸಾಲು ಮಾಡಿದ ಭಾನುವಾರವನ್ನು ಹೇಳಲೇಬೇಕು. ಅಲ್ಲಿ ಹಳೆಯ ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸದಿದ್ದವು. ಅವರು ಮುಂದೆ ಮುಂದೆ ಓದುತ್ತಿದ್ದರು, ನಾನು ಹಿಂದೆ ತಗ್ಗು ಗೋಡೆಯ ಮೇಲೆ ಕೂತು ಬರೆಯುತ್ತಿದ್ದೆ. ಅವರ ದನಿ ನಿಂತಿತು. ತಲೆ ಎತ್ತಿದೆ. ಕಣ್ಣಿಗೆ ಫಳ್ಳೆಂದು ಬೆಳಕು ಬಿತ್ತು.

"ಅಯ್ಯೋ, ಏನ್ರೀ ಇದು! ಕಣ್ಣು!"

"ನಿಮ್ಮ ಮುಖದ ಮೇಲೂ ಏನೋ ಬರ್ದಿದೆ. ಓದೋಣ ಅಂತ."

"ಏನು ಬರ್ದಿದೆ?"

"ಹಳೇ ಅಕ್ಷರ. ಟೈಮ್ ಬೇಕು."

ನಾನು ನಗುತ್ತ ಕಣ್ಣುಜ್ಜಿಕೊಂಡೆ. ಕಣ್ಣು ತಿಳಿಯಾಗುವಷ್ಟರಲ್ಲಿ ಅವರು ಆಚೆ ಕಲ್ಲಿನ ಮುಂದೆ ಕೂತು ಓದಲು ಶುರುಮಾಡಿದ್ದರು. ದನಿ ಒಡೆದಿತ್ತು. ಪ್ರೀತಿ ಹೇಳಲಾಗದೆ ಹಾಗಾಗಿದೆ ಎಂದುಕೊಂಡೆ. ಆ ವಾರವೆಲ್ಲ ಕೋಟುಗಳಿಗೆ ಚೀಟಿ ಚುಚ್ಚುವಾಗ ಆ ಬೆಳಕೇ ಕಣ್ಣಲ್ಲಿ.

ಅಮ್ಮ ಇಳಿಯುತ್ತ ಹೋದಳು. ಅವರು ಮನೆಗೂ ಬಂದರು, ಮಂಚದ ಪಕ್ಕ ಕೂತು ಲೋಟ ಹಿಡಿದರು.

"ಮುಂದಿನ ಸಾಲಲ್ಲಿ ಏನಾದ್ರೂ ಗೊತ್ತಾಗುತ್ತೆ ಅಮ್ಮ. ಇದೊಂದು ಗುಟುಕು."

ಅಮ್ಮ ಕುಡಿದಳು. ನನ್ನ ಕಡೆ ತಿರುಗಿ, "ಈ ಕನ್ನಡಕದವನು ಸುಳ್ಳು ಹೇಳೋನಲ್ಲ ತಾನೆ?" ಎಂದಳು.

"ಅಲ್ಲಮ್ಮ," ಎಂದೆ ಹೆಮ್ಮೆಯಿಂದ. ಅವರು ಲೋಟದ ತಳವನ್ನೇ ನೋಡುತ್ತಿದ್ದರು.

ಬಳಗದ ಇನ್ನೊಂದು ಪದ್ಧತಿ ನನಗೆ ಆಗ ನೆನಪಿರಲಿಲ್ಲ. ಒಂದು ಜೋಡಿ ಬರೆದ ಸಾಲನ್ನು ಇನ್ನೊಂದು ಜೋಡಿ ಹೋಗಿ ಎಣಿಸುತ್ತದೆ. ಮೇಡಂ ಫೋನ್ ಮಾಡಿದರು.

"ಗೋಡೆ ಸಾಲಲ್ಲಿ ನೀವು ಬರೆದಿರೋದಕ್ಕಿಂತ ಒಂದು ಕಲ್ಲು ಜಾಸ್ತಿ ಇದೆಯಂತಲ್ಲಮ್ಮ. ಒಂದ್ಸಲ ನೋಡ್ಬಿಡು."

 ಬೆಳಕಿಗೆ ನಗುತ್ತ ಕೂತು ನಾನೇ ಬರೆಯುವುದನ್ನು ಬಿಟ್ಟಿರಬೇಕು. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

"ನೀವು ಹೋಗ್ಬೇಡಿ. ನಾನು ನೋಡ್ತೀನಿ."

"ತಪ್ಪು ನಂದು. ನಾನೇ ಸರಿಮಾಡ್ತೀನಿ."

"ತಪ್ಪು ನಿಮ್ದಲ್ಲ!" ಎಂದರು. ಅಷ್ಟು ಜೋರಾಗಿ ಅವರು ಎಂದೂ ಮಾತಾಡಿರಲಿಲ್ಲ.

ಅಂಗಡಿಯಲ್ಲಿ ಹೇಳಿ ಮಧ್ಯಾಹ್ನವೇ ಹೋದೆ. ಹುಡುಕಬೇಕಾಗಲೇ ಇಲ್ಲ. ಆ ಸಾಲಿನಲ್ಲೇ ಎಲ್ಲಕ್ಕಿಂತ ಹೊಸ ಕಲ್ಲು. ಕನ್ನಡಿ ಬೇಡ, ಕನ್ನಡಕವೂ ಬೇಡ. ಅಮ್ಮ ನಿದ್ದೆಯಲ್ಲಿ ಕನವರಿಸುವ ಹೆಸರು. ಹೋದ ವರ್ಷದ ಇಸವಿ. ಕೆಳಗೆ ಒಂದೇ ಸಾಲು:

ಇಬ್ಬರಲ್ಲಿ ದೊಡ್ಡವಳು.

ಹೋದ ವರ್ಷದವರೆಗೂ ಇದೇ ಊರಿನಲ್ಲಿದ್ದಳು. ದಿನಾ ನನ್ನ ಬಸ್ಸು ಈ ಗೋಡೆಯ ಪಕ್ಕದಲ್ಲೇ ಹೋಗುತ್ತದೆ. ಯಾವತ್ತೋ ಅವಳ ಪಕ್ಕದ ಸೀಟಿನಲ್ಲೇ ಕೂತಿದ್ದೆನೇನೋ. ಅವಳ ಕೋಟಿಗೆ ಚೀಟಿ ಚುಚ್ಚಿದ್ದೆನೇನೋ. ಹುಲ್ಲಿನ ಮೇಲೆ ಕೂತೆ. ತಲೆ ಎತ್ತಿ ನೋಡಿದರೆ, ಅಂದು ನಾನು ಕೂತಿದ್ದ ತಗ್ಗು ಗೋಡೆ ಎದುರಿಗೇ ಇತ್ತು. ಇಲ್ಲಿ ನಿಂತು ಅಲ್ಲಿಗೆ ಬೆಳಕು ಹಾಯಿಸಿದ್ದರು.

ಅವರು ಅಂಗಡಿಯ ಏಪ್ರನ್ನಿನಲ್ಲೇ ಓಡಿ ಬಂದರು. ಏದುಸಿರು.

"ಯಾಕೆ?" ಎಂದೆ. 

"ಸಿಕ್ಕಳು ಅಂದ್ರೆ ಅಮ್ಮ ಹಾಲು ಕುಡಿಯೋದು ನಿಲ್ಲಿಸ್ತಾರೆ ಅಂದ್ಕೊಂಡೆ. 'ನಾಳೆವರೆಗೂ ಇರ್ತೀನಿ' ಅಂತಾರೆ ಅಂತ ನೀವೇ ಹೇಳಿದ್ರಿ. ಸಿಕ್ಕಿಬಿಟ್ರೆ ನಾಳೆ ಯಾಕೆ?"

"ಅಷ್ಟೇನಾ?"

ಅವರು ಕಲ್ಲಿನ ಮೇಲೆ ಬಿದ್ದಿದ್ದ ಒಣ ಎಲೆ ತೆಗೆದರು. ನಂತರ, "ಅಲ್ಲ. ಸಿಕ್ಕಿದ್ರೆ ನೀವು ಭಾನುವಾರ ಬರಲ್ಲ ಅಂತಲೂ ಅನ್ನಿಸ್ತು. ನಿಮ್ಮನ್ನ ಬಿಟ್ಟಿರಕ್ಕೆ ನನ್ನಿಂದ ಆಗಲ್ಲ," ಎಂದರು.

ನಾನು ಇಷ್ಟು ದಿನ ಕೇಳಲು ಹಾತೊರೆದ ಮಾತು ಅದು. ಅದನ್ನು ದೊಡ್ಡಮ್ಮನ ಕಲ್ಲಿನ ಮುಂದೆ, ಈ ರೀತಿ, ಕೇಳಬೇಕಾಯಿತಲ್ಲ.

"ಅಮ್ಮನಿಗೆ ಉಳಿದಿರೋದೇ ಒಂದಿಷ್ಟು ದಿನ. ಅದ್ರಲ್ಲೂ ನೀವು ಕದ್ರಿ," ಎಂದೆ. "ನನ್ನ ಹಿಂದೆ ಬರಬೇಡಿ."

ಮನೆ ತಲುಪುವವರೆಗೂ ಎರಡು ಮನಸ್ಸು. ಹೇಳಿದರೆ ಅಮ್ಮ ಹೋಗಿಬಿಡುತ್ತಾಳೆ, ಹೇಳದಿದ್ದರೆ ನಾನೂ ಅವರಂತೆಯೇ ಆಗುತ್ತೇನೆ. ಬಾಗಿಲು ತೆಗೆದೆ.

"ಸಿಕ್ಕಳಾ?"

"ಸಿಕ್ಕಳಮ್ಮ."

ಕಲ್ಲಿನ ಮಾತು ಹೇಳಿದೆ. ಕನ್ನಡಿಯ ಮಾತನ್ನೂ ಹೇಳಿದೆ. ಅಮ್ಮ ಕಣ್ಣು ಮುಚ್ಚಿದಳು. ಉಸಿರಿದೆಯೋ ಎಂದು ನಾನು ಮೂಗಿನ ಹತ್ತಿರ ಕೈ ಹಿಡಿದೆ.

"ಕೈ ತೆಗಿ, ಬದ್ಕಿದೀನಿ," ಎಂದಳು. "ನನ್ನ ಅಲ್ಲಿಗೆ ಕರ್ಕೊಂಡ್ ಹೋಗು. ಆ ಕನ್ನಡಕದವನ್ನೂ ಕರಿ."

"ಅವರು ಬೇಡಮ್ಮ."

"ನನ್ನ ನೀನೊಬ್ಬಳೇ ಎತ್ತೀಯಾ? ನಿನ್ನ ಸಿಟ್ಟು ಎತ್ತುತ್ತಾ?"

ಅವರು ಎಲ್ಲಿಂದಲೋ ಗಾಲಿಕುರ್ಚಿ ತಂದರು. ದಾರಿಯುದ್ದಕ್ಕೂ ತಳ್ಳಿದ್ದು ಅವರೇ. ನಾನು ಪಕ್ಕದಲ್ಲಿ ಕೊಡೆ ಹಿಡಿದು ನಡೆದೆ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಲ್ಲಿನ ಮುಂದೆ ಕುರ್ಚಿ ನಿಂತಿತು. ಅಮ್ಮನ ಕಣ್ಣಿಗೆ ಅಕ್ಷರ ನಿಲುಕುತ್ತಿರಲಿಲ್ಲ.

"ಓದಪ್ಪ," ಎಂದಳು. "ಈ ಸಲ ದಾಟಬೇಡ."

ಅವರು ಮಂಡಿಯೂರಿದರು. ಹೆಸರು ಓದಿದರು, ಇಸವಿ ಓದಿದರು. ಕೊನೆಯ ಸಾಲಿಗೆ ಬಂದಾಗ ನಿಲ್ಲಿಸಿ ಅಮ್ಮನ ಕಡೆ ನೋಡಿದರು. ಅಮ್ಮ ಕಾದಳು.

"ಇಬ್ಬರಲ್ಲಿ... ದೊಡ್ಡವಳು."

ಅಮ್ಮ ಬೆನ್ನು ನೆಟ್ಟಗೆ ಮಾಡಿ ಕೂತಳು, ಸಾಲಿನಲ್ಲಿ ನಿಂತ ಮಗುವಿನ ಹಾಗೆ.

"ನಾನು ಚಿಕ್ಕೋಳು," ಎಂದಳು. ದನಿ ಸ್ಪಷ್ಟವಾಗಿತ್ತು.

ಈ ಸಲ ಯಾರೂ ನಗಲಿಲ್ಲ.

ಅವರು ಹೆದರಿದಂತೆ ಆಗಲಿಲ್ಲ. ಅಮ್ಮ ಆಮೇಲೆಯೂ ಹಾಲು ಕುಡಿದಳು, ಸಕ್ಕರೆ ಕಮ್ಮಿ ಎಂದು ಬೈದಳು, ಚಳಿ ಕಳೆಯುವವರೆಗೆ ಇದ್ದು, ಒಂದು ಮಧ್ಯಾಹ್ನ ನಾನು ಕೈ ಹಿಡಿದಿದ್ದಾಗ ಹೋದಳು. ಅಕ್ಕನ ಸಾಲಿನಲ್ಲೇ ಜಾಗ ಸಿಕ್ಕಿತು. ಮಣ್ಣು ಹಾಕುವಾಗ ಅವರು ದೂರದಲ್ಲಿ, ಗೇಟಿನ ಹತ್ತಿರ ನಿಂತಿದ್ದರು. ಬರಬೇಡಿ ಎಂದಿದ್ದೆನಲ್ಲ, ಅದನ್ನು ಪಾಲಿಸುತ್ತಿದ್ದರು. ಬಳಗಕ್ಕೂ ಬರುವುದನ್ನು ಬಿಟ್ಟರು.

ಖಾಲಿ ಮನೆಗೆ ಬಂದು ಚಪ್ಪಲಿ ಬಿಡುವಾಗ ಕೇಳುವವರಿಲ್ಲ. ಸಿಟ್ಟು ಹಾಗೇ ಇತ್ತು, ಅದರ ಪಕ್ಕದಲ್ಲೇ ಅವರೂ ಇದ್ದರು. ಎರಡನ್ನೂ ಹೊತ್ತು ಒಂದಷ್ಟು ವಾರ ತಿರುಗಿದೆ. ಕೊನೆಗೊಂದು ಸಂಜೆ, ಅವರ ಅಂಗಡಿಯ ಮೆಟ್ಟಿಲ ಬಳಿ ನಿಂತು, ಕನ್ನಡಕ ತೆಗೆದು, ಕಡ್ಡಿಯನ್ನು ನಾನೇ ಬಗ್ಗಿಸಿ ಒಳಗೆ ಹೋದೆ.

ಅವರು ಸೊರಗಿದ್ದರು. ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದರು.

"ಹೇಗೆ ಸೊಟ್ಟಾಯ್ತು?"

"ನಾನೇ ಬಗ್ಗಿಸ್ದೆ."

ಅವರು ಸ್ಕ್ರೂಡ್ರೈವರ್ ತೆಗೆದು ಕಡ್ಡಿ ನೆಟ್ಟಗೆ ಮಾಡತೊಡಗಿದರು. 

"ಇನ್ಮೇಲೆ ಒಂದು ಕಲ್ಲೂ ಬಿಡಬಾರದು," ಎಂದೆ.

"ಇಲ್ಲ."

"ನನಗೆ ನೋವಾಗೋದಾದ್ರೂ."

"ಓದ್ತೀನಿ," ಎಂದರು. "ಪಕ್ಕದಲ್ಲೇ ಕೂತು ಓದ್ತೀನಿ."

ಕನ್ನಡಕ ತೊಡಿಸಿದರು. ಬೆರಳು ಕಿವಿಯ ಹಿಂದೆಯೇ ನಿಂತಿತು. ನಾನು ತಲೆ ವಾಲಿಸಿದೆ.

ಈಗಲೂ ಭಾನುವಾರ ಅವರು ಓದುತ್ತಾರೆ, ನಾನು ಬರೆಯುತ್ತೇನೆ. ಆದರೆ ಪ್ರತಿ ಸಾಲು ಮುಗಿದ ಮೇಲೆ ಎದ್ದು ಹೋಗಿ ಕಲ್ಲುಗಳನ್ನು ನಾನೇ ನೋಡಿ ಬರುತ್ತೇನೆ. "ನಂಬಿಕೆ ಇಲ್ವಾ ಬರೆಯೋರೇ?" ಎಂದರೆ, "ಇಲ್ಲ" ಎನ್ನುತ್ತೇನೆ. ಅವರು ಬನ್ನಿನ ದೊಡ್ಡ ಅರ್ಧ ಕೊಡುತ್ತಾರೆ.

ಇಷ್ಟೇ ನನಗೆ ಗೊತ್ತಿರುವುದು. ದೊಡ್ಡಮ್ಮ ಅಷ್ಟು ವರ್ಷ ಈ ಊರಿನಲ್ಲಿ ಯಾರ ಜೊತೆಗಿದ್ದಳು, ತಂಗಿಯನ್ನು ಹುಡುಕಿದಳೋ ಇಲ್ಲವೋ, ಆ ಕಲ್ಲು ಹಾಕಿಸಿ ಆ ಸಾಲು ಕೆತ್ತಿಸಿದವರು ಯಾರು, ಬಳಗವೆಲ್ಲ ಸೇರಿ ಹುಡುಕಿದರೂ ತಿಳಿಯಲಿಲ್ಲ. ಇನ್ನೊಂದೂ ತಿಳಿದಿಲ್ಲ. ಅಂದು ಕನ್ನಡಿ ತಿರುಗಿಸಿದ್ದು ಆ ಕಲ್ಲನ್ನು ಮರೆಮಾಡಲಿಕ್ಕೋ, ನನ್ನ ಮುಖ ನೋಡಲಿಕ್ಕೋ ಎಂದು ಅವರನ್ನೇ ಕೇಳಿದೆ. ಯೋಚಿಸಿ, ತಮಗೂ ಗೊತ್ತಿಲ್ಲ ಎಂದರು.