ಹನ್ನೊಂದು ಸಲ ಅಳೆದ ಬಿರುಕು

"ಈ ವರದಿಗೆ ನಾನು ಸಹಿ ಹಾಕಲ್ಲ," ಎಂದ ಅವನು, ತಲೆ ಎತ್ತದೆ. ಎತ್ತಿದರೆ ಅವಳ ಕಣ್ಣು ಕಾಣುತ್ತದೆ. ಕಂಡರೆ ಕೈ ತಾನಾಗಿಯೇ ಪೆನ್ನು ಹುಡುಕುತ್ತದೆ.

ಕಟ್ಟಡಗಳ ಸುರಕ್ಷತೆ ನೋಡುವ ಕಚೇರಿ ಅದು. ಅವಳು ಎಂಜಿನಿಯರ್, ಅವನು ಅವಳ ವರದಿಗಳನ್ನು ಪರಿಶೀಲಿಸುವವನು. ಹಳೆಯ ಸಭಾಂಗಣದ ಬಾಲ್ಕನಿಯಲ್ಲಿ ಬಿರುಕು ಬೆಳೆಯುತ್ತಿದೆ, ನಾಳೆ ಅಲ್ಲಿ ಮಕ್ಕಳ ನಾಟಕವಿದೆ, ಬಾಲ್ಕನಿ ಮುಚ್ಚಿಸಿ ಎಂದು ಅವಳು ಬರೆದಿದ್ದಳು. ಅವನ ಸಹಿ ಇಲ್ಲದೆ ಬೀಗ ಬೀಳದು. ಸಹೋದ್ಯೋಗಿಗಳು ಅವನಿಗೆ ಫ್ರಿಜ್ ಎಂದೂ ಅವಳಿಗೆ ಮೆಣಸಿನಕಾಯಿ ಎಂದೂ ಹೆಸರಿಟ್ಟು, ಅದರೊಳಗಿಟ್ಟರೆ ಇದು ಬೇಗ ಕೆಡಲ್ಲ ಎಂದು ನಗುತ್ತಿದ್ದರು.

"ಯಾಕೆ ಹಾಕಲ್ಲ ಸರ್?"

"'ಇದು ಬಿದ್ದೇ ಬೀಳುತ್ತೆ' ಅಂತ ಬರೆದಿದ್ದೀರಿ. ಇದು ವರದಿಯಲ್ಲ, ಜಗಳ. ಇಷ್ಟು ಆವೇಶ ಇರೋರ ಲೆಕ್ಕಾನ ಹೇಗೆ ನಂಬೋದು?"

"ಆವೇಶ ಇದ್ದಿದ್ದಕ್ಕೇ ಹನ್ನೊಂದು ಸಲ ಏಣಿ ಹತ್ತಿ ಅಳೆದೆ. ನನಗೇನಂತೆ ಅನ್ನೋರು ಒಂದೇ ಸಲ ಅಳೆದು ಮನೆಗೆ ಹೋಗ್ತಾರೆ. ನನ್ನ ಮಾತು ಬಿಸಿ, ಒಪ್ಕೋತೀನಿ. ಅಂಕಿ ಬಿಸಿ ಇದೆಯಾ, ಮುಟ್ಟಿ ನೋಡಿ."

ಅವನು ಮುಟ್ಟಲಿಲ್ಲ. ಅವಳು ಒಂದು ಕ್ಷಣ ಅವನ ಬಗ್ಗಿದ ತಲೆಯನ್ನೇ ನೋಡಿ, ಹೆಲ್ಮೆಟ್ ಎತ್ತಿಕೊಂಡು ಹೊರಟುಹೋದಳು.

ಆಮೇಲೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆರೆದ, ಮುಚ್ಚಿದ, ಮತ್ತೆ ತೆರೆದ. ನಿಜ ಹೇಳಬೇಕೆಂದರೆ, ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೇಳಿದರೆ ಸಾಕು, ಅವನ ಕೈ ಕಾಲರ್ ಸರಿಮಾಡಿಕೊಳ್ಳುತ್ತಿತ್ತು. ಅವಳ ಫೈಲ್ ತೆರೆಯುವ ಮೊದಲೇ ಅದರಲ್ಲಿರುವುದೆಲ್ಲ ಸರಿ ಎನಿಸಿಬಿಡುತ್ತಿತ್ತು. ಆ ಹೆದರಿಕೆಗೇ ಅವಳ ಮೇಲೆ ದುಪ್ಪಟ್ಟು ಬಿಗಿ. ಇವತ್ತಂತೂ ಅಂಕಿಗಳನ್ನು ಓದಿಯೇ ಇರಲಿಲ್ಲ. ಪಕ್ಷಪಾತ ಬೇಡವೆಂದು ಪುಣ್ಯಾತ್ಮ ಅನ್ಯಾಯಕ್ಕೇ ಇಳಿದಿದ್ದ.

ಕೊನೆಗೆ ಓದಿದ. ಹನ್ನೊಂದು ದಿನಾಂಕ, ಹನ್ನೊಂದು ಅಳತೆ. ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಬಿರುಕಿಗೆ ಅಡ್ಡವಾಗಿ ಗಾಜಿನ ಪಟ್ಟಿ ಅಂಟಿಸಿದ್ದೇನೆ, ಬಿರುಕು ಇನ್ನೂ ಅಗಲವಾದರೆ ಗಾಜು ಒಡೆಯುತ್ತದೆ ಎಂದು ಕೆಳಗೆ ಬರೆದಿದ್ದಳು. ಅವನು ಕೋಟು ಮರೆತು, ವರದಿ ಹಿಡಿದು ಸಭಾಂಗಣಕ್ಕೆ ಓಡಿದ.

ಅಲ್ಲಿ ಅವಳಾಗಲೇ ಏಣಿಯ ಮೇಲಿದ್ದಳು.

"ನೀವು ನಂಬಲಿಲ್ಲವಲ್ಲ, ಹನ್ನೆರಡನೇ ಸಲ ಬಂದೆ," ಎಂದಳು ಕೆಳಗೆ ನೋಡದೆ.

"ಇಳೀರಿ. ಈ ಸಲ ನಾನು ನೋಡ್ತೀನಿ."

ಗಾಜು ಸರಿಯಾಗಿ ನಡುವೆ ಎರಡಾಗಿತ್ತು. ಅವನು ಇಳಿದು, ಅವಳನ್ನು ಹೊರಗಿನ ಮೆಟ್ಟಿಲಿಗೆ ಕರೆತಂದು, ತೊಡೆಯ ಮೇಲೆಯೇ ವರದಿಯಿಟ್ಟು ಸಹಿ ಹಾಕಿದ. ಕಾವಲುಗಾರ ಇಡೀ ಸಭಾಂಗಣಕ್ಕೇ ಬೀಗ ಹಾಕಿದ. ನಾಳೆಯ ನಾಟಕ ಶಾಲೆಯ ಅಂಗಳಕ್ಕೆ ಹೋಯಿತು.

"ನನ್ನದು ತಪ್ಪಾಯ್ತು," ಎಂದ. "ನಾನು ನಿಮ್ಮ ಅಂಕಿ ಓದಿರಲಿಲ್ಲ. ನೀವು ಏನು ಹೇಳಿದ್ರೂ ನನಗೆ ಸರಿ ಅನ್ಸುತ್ತೆ. ಅದಕ್ಕೇ ಭಯ. ನಿಮ್ಮನ್ನ ಕಂಡ್ರೆ ನನಗೆ ತುಂಬಾ ಪ್ರೀತಿ."

ಅವಳು ಹುಬ್ಬೇರಿಸಿದಳು. ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು, ತುಟಿಯಂಚು ಮಾತ್ರ ಮಾತು ಕೇಳಲಿಲ್ಲ.

"ಇದು ಬರೀ ಆವೇಶನಾ, ಇಲ್ಲಾ ಅಳೆದು ನೋಡಿದ್ದೀರಾ?"

"ಒಂದು ವರ್ಷದಿಂದ ಅಳೀತಾ ಇದೀನಿ. ಪ್ರತಿ ಸಲಾನೂ ಹಿಂದಿನದಕ್ಕಿಂತ ಜಾಸ್ತಿನೇ ಬರ್ತಿದೆ."

ಸುಣ್ಣದ ಪುಡಿ ಮೆತ್ತಿದ ಅಂಗೈಯನ್ನು ಅವಳು ಅವನ ಮುಂದೆ ಚಾಚಿದಳು.

"ಹಾಗಿದ್ರೆ ಇಲ್ಲೂ ಸಹಿ ಹಾಕಿ. ಓದದೆ ಹಾಕ್ಬೇಡಿ ಮತ್ತೆ."

"ಓದಿ ಆಗಿದೆ," ಎಂದ ಅವನು. ಅವಳ ಅಂಗೈಯ ಸುಣ್ಣ ಒರೆಸಿ, ಹೆಸರು ಪೂರ್ತಿ ಬರೆದ.