ನಡೆಯುತ್ತಾ ಮಾತಾಡುವ ಪಾಠ

"ನಾನು ಎಂತ ತಪ್ಪು ಹೇಳಿದೆ ಟೀಚರೇ? ಮೂರು ವಾರದಿಂದ ನೋಡ್ತಾ ಇದ್ದೇನೆ, ನಿಮಗೆ ನನ್ನನ್ನು ಕಂಡರೆ ಆಗುವುದಿಲ್ಲ."

ಬದಿಯಡ್ಕದ ಫಿಸಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನಲ್ಲಿ ಕುಳಿತಿದ್ದ ವಸುಮತಿ ನಡುಗುವ ಕೈಯನ್ನು ಸೆರಗಿನೊಳಗೆ ಅಡಗಿಸಿ ತಲೆ ಎತ್ತಿದಳು. ಕೇಳಿದವನು ಜಿತೇಂದ್ರ. ಸೀತಾಂಗೋಳಿಯಲ್ಲಿ ಐಸ್‌ಕ್ಯಾಂಡಿ ಘಟಕ ನಡೆಸುವವನು, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ತಾಯಿ ಅಕ್ಕುವಿನ ಮಂಡಿನೋವಿಗೆಂದು ಪ್ರತಿ ಗುರುವಾರ ಬರುತ್ತಿದ್ದ. ಬಂದರೆ ಬೆಂಚಿನಲ್ಲಿದ್ದವರನ್ನೆಲ್ಲ ನಗಿಸುತ್ತಿದ್ದ. ನಗದವಳು ಇವಳೊಬ್ಬಳೇ.

"ನಾನೂ ನಗಾಡ್ತಾ ಇದ್ದೇನೆ, ಒಳಗೆ," ಎಂದಳು ಮೆಲ್ಲಗೆ. "ಪಾರ್ಕಿನ್ಸನ್ ಅಂತ ಕಾಯಿಲೆ. ಮುಖಕ್ಕೆ ಸುದ್ದಿ ತಲುಪುವಾಗ ನಿಮ್ಮ ಜೋಕ್ ಹಳತಾಗಿರ್ತದೆ."

ಜಿತೇಂದ್ರ ಅಯ್ಯೋ ಪಾಪ ಎನ್ನಲಿಲ್ಲ. ಬಗ್ಗಿ, ಪುಸ್ತಕದ ಸಣ್ಣ ಅಕ್ಷರ ಓದುವವನಂತೆ ಅವಳ ಕಣ್ಣುಗಳನ್ನು ನೋಡಿದ.

"ಹೌದು, ಇಲ್ಲಿ ಉಂಟು ನಗು. ಇನ್ನು ಇಲ್ಲೇ ನೋಡ್ತೇನೆ."

ನಲವತ್ತನಾಲ್ಕರ ಕನ್ನಡ ಟೀಚರ ಕೆನ್ನೆ ಬಿಸಿಯಾಯಿತು. ಅದಕ್ಕೆ ಕಾಯಿಲೆ ಅಡ್ಡ ಬರಲಿಲ್ಲ.

ಒಳಗೆ ನೆಲದ ಮೇಲೆ ಹಳದಿ ಟೇಪಿನ ಗೆರೆಗಳಿದ್ದವು. ಗೆರೆ ದಾಟುತ್ತಾ ನಡೆದರೆ ವಸುಮತಿಯ ಹೆಜ್ಜೆ ದೊಡ್ಡದಾಗುತ್ತಿತ್ತು. ಆದರೆ ನಡುವೆ ಯಾರಾದರೂ ಮಾತಾಡಿಸಿದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿತ್ತು.

"ಮೊದಲು ನಡಿಗೆ ತನ್ನಷ್ಟಕ್ಕೆ ಆಗ್ತಿತ್ತು, ಈಗ ಪ್ರತಿ ಹೆಜ್ಜೆಗೂ ಮನಸ್ಸು ಕೊಡಬೇಕು," ಎಂದಳು ಫಿಸಿಯೋಥೆರಪಿಸ್ಟ್ ಅಕ್ಷಯಾ. "ಮೆದುಳು ಕಲಿಯುವುದನ್ನು ಬಿಟ್ಟಿಲ್ಲ ಟೀಚರೇ. ನಿಧಾನ ಆಗಿದೆ ಅಷ್ಟೆ. ನಡೆಯುತ್ತಾ ಮಾತಾಡುವುದನ್ನೂ ಕಲಿಯಬಹುದು. ಅಭ್ಯಾಸಕ್ಕೆ ಮಾತಾಡುವ ಜನ ಬೇಕು."

"ಅಂಥವನು ಹೊರಗೆ ಒಬ್ಬ ಇದ್ದಾನೆ," ಎಂದಳು ಪಕ್ಕದ ಮಂಚದಿಂದ ಅಕ್ಕು.

ಹೀಗೆ ಗುರುವಾರಗಳು ಶುರುವಾದವು. ಕ್ಲಿನಿಕ್ಕಿನ ಹಿಂದಿನ ಅಂಗಳದಲ್ಲಿ ಜಿತೇಂದ್ರ ಅವಳ ಜೊತೆ ನಡೆಯುತ್ತಾ ಪ್ರಶ್ನೆ ಕೇಳುತ್ತಿದ್ದ. ವಾರಗಳ ಹೆಸರು ಹಿಂದಿನಿಂದ ಹೇಳಿ. ಐದು ತರಕಾರಿ ಹೇಳಿ. ಕುಂಬಳೆಗೆ ಹೋಗುವಾಗ ಯಾವೆಲ್ಲ ಸ್ಟಾಪ್ ಉಂಟು? ಮೊದಲ ದಿನ ಮೂರನೆಯ ಹೆಜ್ಜೆಗೇ ನಿಂತವಳು, ಎರಡು ತಿಂಗಳಲ್ಲಿ ಉತ್ತರ ಹೇಳುತ್ತಲೇ ಅಂಗಳದ ಆ ಕೊನೆ ಮುಟ್ಟಿದಳು. ಅವನು ಓರೆಗಣ್ಣಿನಿಂದ ಅವಳನ್ನು ನೋಡಿ, ಸಿಕ್ಕಿಬಿದ್ದಾಗ ತೆಂಗಿನಮರ ನೋಡುತ್ತಿದ್ದ.

"ಆ ಮರದಲ್ಲಿ ಎಂತ ಉಂಟು?" ಒಂದು ಗುರುವಾರ ಅವಳು ಕೇಳಿದಳು.

"ಕಾಯಿ. ಟೀಚರೇ, ಮುಂದಿನ ಪ್ರಶ್ನೆ. ನನ್ನನ್ನು ಮದುವೆ ಆಗ್ತೀರಾ?"

ಅವಳ ಕಾಲು ಅಲ್ಲೇ ನಿಂತಿತು. ಎಷ್ಟು ಹೊತ್ತಾದರೂ ಅಲುಗಲಿಲ್ಲ. ಕೊನೆಗೆ ಬಂದದ್ದು ಮಾತು ಮಾತ್ರ.

"ಐದು ವರ್ಷ ಕಳೆದರೆ ನನ್ನ ಸೀರೆ ನಾನು ಉಡಲಿಕ್ಕೆ ಆಗದೆ ಇರಬಹುದು. ಒಮ್ಮೆ ಹೆಂಡತಿಯ ಆಸ್ಪತ್ರೆ ನೋಡಿದವರು ನೀವು. ಇನ್ನೊಮ್ಮೆ ಬೇಡ. ನಿಮಗೆ ಒಳ್ಳೆಯದಾಗಲಿ ಅಂತ ಹೇಳ್ತಾ ಇದ್ದೇನೆ."

ಮರುವಾರದಿಂದ ಅವಳು ಗುರುವಾರದ ಬದಲು ಮಂಗಳವಾರ ಬರತೊಡಗಿದಳು. ತಾನಿದ್ದ ಅಣ್ಣನ ಮನೆಯ ಜಗಲಿಯಲ್ಲಿ ಒಬ್ಬಳೇ ನಡೆಯುತ್ತಾ ತರಕಾರಿಯ ಹೆಸರು ಹೇಳುತ್ತಿದ್ದಳು. ಐದೂ ಹೇಳಿ ಮುಗಿದ ಮೇಲೆ ಅಳು ಬರುತ್ತಿತ್ತು.

ಮೂರನೆಯ ಮಂಗಳವಾರ ಬೆಂಚಿನಲ್ಲಿ ಅಕ್ಕು ಒಬ್ಬಳೇ ಕುಳಿತಿದ್ದಳು.

"ನಿಮ್ಮತ್ರ ಒಂದು ಮಾತು ಹೇಳಲಿಕ್ಕೆ ಬಸ್ಸಿನಲ್ಲಿ ಬಂದೆ," ಎಂದಳು. "ನಿಮಗೆ ಅವನು ಬೇಡವಾದರೆ ಬೇಡ ಅನ್ನಿ, ನಾವು ಸುಮ್ಮನಾಗ್ತೇವೆ. ಅವನಿಗೆ ಒಳ್ಳೆಯದು ಯಾವುದು ಅಂತ ಅವನು ಹೇಳಲಿ, ನೀವಲ್ಲ."

ಮರುದಿನ ಶಾಲೆ ಬಿಟ್ಟ ಮೇಲೆ ವಸುಮತಿ ಸೀತಾಂಗೋಳಿಗೆ ಹೋದಳು. ಬಸ್ಸಿಳಿದು ವಿಚಾರಿಸಿಕೊಂಡು ಘಟಕದ ಬಾಗಿಲವರೆಗೆ ನಡೆದಳು. ಅಲ್ಲಿ ಕಾಲು ಕೈಕೊಟ್ಟಿತು. ಒಳಗಿನಿಂದ ಕಂಡ ಜಿತೇಂದ್ರ ಓಡಿ ಬಂದ. ಆದರೆ ಅವಳ ಕೈ ಹಿಡಿದು ಎಳೆಯಲಿಲ್ಲ. ಎದುರು ನಿಂತು ಕಾದ.

"ನನಗೆ ಭಯ ಉಂಟು," ಎಂದಳು.

"ನನಗೂ ಉಂಟು. ಅಕ್ಷಯಾರತ್ರ ಎಲ್ಲ ಕೇಳಿ ತಿಳಿದುಕೊಂಡೇ ನಿಮ್ಮನ್ನು ಕೇಳಿದ್ದು. ನೀವಿಲ್ಲದ ಗುರುವಾರ ಅದಕ್ಕಿಂತ ಕಷ್ಟ."

ವಸುಮತಿ ಬಲಗಾಲೆತ್ತಿ ಹೊಸಿಲು ದಾಟಿದಳು.

"ಆಗ್ತೇನೆ," ಎಂದಳು. "ಆದಿತ್ಯವಾರ ಅಮ್ಮನನ್ನು ಕರೆದುಕೊಂಡು ಅಣ್ಣನ ಮನೆಗೆ ಬನ್ನಿ."

ಅವನು ಸ್ಟೂಲು ಎಳೆದು ಕೂರಿಸಿ, ಮಾವಿನಹಣ್ಣಿನ ಐಸ್‌ಕ್ಯಾಂಡಿ ಒಂದನ್ನು ಅವಳ ಕೈಗಿತ್ತ. ಅದು ಕೈಯೊಡನೆ ನಡುಗಿ ಕರಗಿ ಮೊಣಕೈವರೆಗೆ ಇಳಿಯಿತು. ಯಾರೆದುರಾದರೂ ಆ ಕೈಯನ್ನು ಸೆರಗಿನೊಳಗೆ ಅಡಗಿಸುತ್ತಿದ್ದವಳು ಅಂದು ಅಡಗಿಸಲಿಲ್ಲ. ನಿಧಾನವಾಗಿ, ಕೊನೆಯ ತುಂಡಿನವರೆಗೂ ತಿಂದಳು.